ಸೆಲ್ಫ್ ಹತ್ತದ ಸ್ಕೂಟರ್: ಬ್ಯಾಟರಿ ಹಸಿದಿದೆಯೋ, ಸತ್ತಿದೆಯೋ?

ಬೆಳಿಗ್ಗೆ ಬಟನ್ ಒತ್ತಿದರೆ ‘ಟಕ್ ಟಕ್’ ಅಂದು ಸುಮ್ಮನಾಗುವ ಸ್ಕೂಟರ್ ಹುಬ್ಬಳ್ಳಿ-ಧಾರವಾಡದ ಯಾವ ಓಣಿಯಲ್ಲಿ ನೋಡಿದರೂ ಒಂದು ಸಿಗುತ್ತದೆ. ‘ಸೆಲ್ಫ್ ಹತ್ತವಲ್ದು’ ಅಂದ ಕೂಡಲೇ ಬರುವ ಸಲಹೆಯೂ ಒಂದೇ: ‘ಬ್ಯಾಟರಿ ಹೋಗೇದ, ಹೊಸಾದು ಹಾಕಸ್ರಿ.’ ಹಾಗೆ ಬದಲಾಯಿಸಿದ ಬ್ಯಾಟರಿಗಳಲ್ಲಿ ಎಷ್ಟೋ ಸತ್ತಿರುವುದಿಲ್ಲ, ಹಸಿದಿರುತ್ತವೆ. ಒಂದು ರಾತ್ರಿ ನಿಧಾನವಾಗಿ ಚಾರ್ಜ್ ಮಾಡಿದ್ದರೆ ಇನ್ನೊಂದು ವರ್ಷ ದುಡಿಯುತ್ತಿದ್ದವು. ಕೆಲವು ಬ್ಯಾಟರಿ ನಿಜಕ್ಕೂ ಸತ್ತಿರುತ್ತವೆ, ಆದರೆ ಅವನ್ನು ಕೊಂದದ್ದು ಗಾಡಿಯೊಳಗಿನ ಬೇರೊಂದು ದೋಷ. ಅದನ್ನು ಹುಡುಕದೆ ಹೊಸದು ಕೂರಿಸಿದರೆ ಆ ಹೊಸದೂ ಕೆಲವೇ ತಿಂಗಳಲ್ಲಿ ಹಳೆಯದರ ದಾರಿ ಹಿಡಿಯುತ್ತದೆ. ಆದ್ದರಿಂದ ದುಡ್ಡು ಬಿಚ್ಚುವ ಮೊದಲು ಅರ್ಧ ತಾಸು ಅಳತೆಗೆ ಕೊಡಿ.

ಇಲ್ಲಿ ಹೇಳುವುದೆಲ್ಲ ಪೆಟ್ರೋಲ್ ಸ್ಕೂಟರ್‌ನ 12 ವೋಲ್ಟ್ ಸೀಸದ ಬ್ಯಾಟರಿಗೆ. ಎಲೆಕ್ಟ್ರಿಕ್ ಸ್ಕೂಟರ್ ಓಡಿಸುವ ದೊಡ್ಡ ಲಿಥಿಯಂ ಬ್ಯಾಟರಿಗೆ ಇದು ಅನ್ವಯಿಸದು. ಅದನ್ನು ಮನೆಯಲ್ಲಿ ಬಿಚ್ಚಬೇಡಿ, ಬೇರೆ ಚಾರ್ಜರ್ ಹಚ್ಚಬೇಡಿ.

ಬ್ಯಾಟರಿ ಮುಟ್ಟುವ ಮೊದಲು

ಹಿಂದಿನ ಬ್ರೇಕ್ ಹಿಡಿಯದೆ ಬಟನ್ ಒತ್ತಿದರೆ ಬಹುತೇಕ ಸ್ಕೂಟರ್‌ಗಳ ಸೆಲ್ಫ್ ಕೆಲಸ ಮಾಡದು. ಬ್ರೇಕ್ ಲಿವರ್ ಬುಡದಲ್ಲಿರುವ ಪುಟ್ಟ ಸ್ವಿಚ್ ಕೆಟ್ಟರೂ ಅದೇ ಲಕ್ಷಣ. ಬ್ರೇಕ್ ಹಿಡಿದಾಗ ಹಿಂದಿನ ಕೆಂಪು ಲೈಟ್ ಹತ್ತುತ್ತದೆಯೇ ನೋಡಿ. ಒಂದು ಬದಿಯ ಲಿವರ್‌ಗೆ ಹತ್ತಿ ಇನ್ನೊಂದಕ್ಕೆ ಹತ್ತದಿದ್ದರೆ ಸ್ವಿಚ್ಚಿನ ಮೇಲೆ ಅನುಮಾನ ಇಡಿ. ಹೊಸ ಗಾಡಿಗಳಲ್ಲಿ ಸೈಡ್ ಸ್ಟ್ಯಾಂಡ್ ಇಳಿದಿದ್ದರೂ ಎಂಜಿನ್ ಹತ್ತದು. ಎರೆ ಮಣ್ಣಿನ ಹೊಲದ ದಾರಿಯಲ್ಲಿ ಮಳೆಗಾಲ ಕಳೆದ ಗಾಡಿಯ ಸ್ಟ್ಯಾಂಡ್ ಸ್ವಿಚ್ಚಿನೊಳಗೆ ಕೆಸರು ಕೂತು ಒಣಗಿರುತ್ತದೆ. ನೀರು ಹಾಕಿ ಒರೆಸಿದರೆ ಸಾಕಾಗಬಹುದು.

ಆಮೇಲೆ ಹಾರ್ನ್ ಒತ್ತಿ, ಇಂಡಿಕೇಟರ್ ಹಾಕಿ. ಹೆಡ್‌ಲೈಟ್ ನೋಡಿ ತೀರ್ಮಾನ ಮಾಡಬೇಡಿ. ಹಳೆಯ ಸ್ಕೂಟರ್‌ಗಳಲ್ಲಿ ಹೆಡ್‌ಲೈಟ್‌ಗೆ ಕರೆಂಟ್ ಬರುವುದು ನೇರ ಎಂಜಿನ್ ಕಾಯಿಲ್‌ನಿಂದ, ಬ್ಯಾಟರಿಯಿಂದಲ್ಲ. ಐಡ್ಲಿಂಗ್‌ನಲ್ಲಿ (ರೇಸ್ ಕೊಡದೆ ಎಂಜಿನ್ ಓಡುವಾಗ) ಲೈಟ್ ಮಂಕಾಯಿತೆಂದು ಅಂಥ ಗಾಡಿಯ ಬ್ಯಾಟರಿ ಬದಲಿಸಿದರೆ ಲೈಟ್ ಮಂಕಾಗಿಯೇ ಇರುತ್ತದೆ. ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟ್ ಮಾತ್ರ ಬ್ಯಾಟರಿಯ ನಿಜವಾದ ಸಾಕ್ಷಿಗಳು.

ಹಾರ್ನ್ ಗಟ್ಟಿಯಾಗಿದ್ದು ಸೆಲ್ಫ್ ಒತ್ತಿದಾಗ ಏನೂ ಸದ್ದಿಲ್ಲದಿದ್ದರೆ ತಪ್ಪು ಬ್ರೇಕ್ ಸ್ವಿಚ್, ಸ್ಟ್ಯಾಂಡ್ ಸ್ವಿಚ್, ಸ್ಟಾರ್ಟ್ ಬಟನ್ ಅಥವಾ ರಿಲೇಯಲ್ಲಿದೆ (ಬಟನ್ ಒತ್ತಿದಾಗ ಮೋಟಾರಿಗೆ ದೊಡ್ಡ ಕರೆಂಟ್ ಹರಿಸುವ ಸ್ವಿಚ್ಚೇ ರಿಲೇ). ಹಾರ್ನ್ ಗೊಗ್ಗರು ಧ್ವನಿಯಲ್ಲಿ ನರಳಿ, ಬಟನ್‌ಗೆ ‘ಟಕ್ ಟಕ್ ಟಕ್’ ಎಂದು ಮೇಲಿಂದ ಮೇಲೆ ಬಡಿದುಕೊಂಡರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ (ಬ್ಯಾಟರಿಗೆ ವಾಯರ್ ಬಿಗಿಯುವ ಜಾಗ) ಸಡಿಲಾಗಿದೆ. ಹಾರ್ನ್ ಚೆನ್ನಾಗಿದ್ದು ಒಂದೇ ಒಂದು ‘ಟಕ್’ ಬಂದು ನಿಂತರೆ ರಿಲೇಯ ಕಾಂಟ್ಯಾಕ್ಟ್ ಸುಟ್ಟಿದೆ ಅಥವಾ ಸ್ಟಾರ್ಟರ್ ಮೋಟಾರಿನ ಕಾರ್ಬನ್ ಬ್ರಶ್ ಸವೆದಿದೆ. ಮೋಟಾರ್ ಜೋರಾಗಿ ತಿರುಗಿಯೂ ಎಂಜಿನ್ ಹತ್ತದಿದ್ದರೆ ಬ್ಯಾಟರಿಯನ್ನು ಬಿಟ್ಟು ಪೆಟ್ರೋಲ್, ಪ್ಲಗ್ ಕಡೆ ನೋಡಿ. ಸದ್ದಿಲ್ಲದೆ ಸ್ಟಾರ್ಟ್ ಆಗುವ ಹೊಸ ಸ್ಕೂಟರ್‌ಗಳಲ್ಲಿ ಬೇರೆ ಸ್ಟಾರ್ಟರ್ ಮೋಟಾರೇ ಇರುವುದಿಲ್ಲ, ಕರೆಂಟ್ ಹುಟ್ಟಿಸುವ ಯಂತ್ರವೇ ಎಂಜಿನ್ ತಿರುಗಿಸುತ್ತದೆ. ಅಲ್ಲಿ ಈ ‘ಟಕ್’ ಲೆಕ್ಕ ನಡೆಯದು, ವೋಲ್ಟ್ ಅಳೆಯುವ ಮೀಟರ್ ಹಿಡಿಯಲೇಬೇಕು.

ಎಲ್ಲವೂ ಸತ್ತಂತಿದ್ದರೆ, ಮೀಟರ್ ಕನ್ಸೋಲಿನ ದೀಪವೂ ಇಲ್ಲದಿದ್ದರೆ, ಮೊದಲು ಫ್ಯೂಸ್. ಅದು ಬ್ಯಾಟರಿಯ ಪಕ್ಕದಲ್ಲೇ ಇರುತ್ತದೆ. 10 ಆಂಪಿಯರಿನದು ಕೆಂಪು, 15ರದು ನೀಲಿ, 20ರದು ಹಳದಿ. ಸುಟ್ಟಿದ್ದರೆ ಅದೇ ಬಣ್ಣದ್ದನ್ನೇ ಹಾಕಿ. ಮತ್ತೆ ಸುಟ್ಟರೆ ಎಲ್ಲೋ ವಾಯರ್ ತಾಗಿದೆ. ಆಗ ದೊಡ್ಡ ಫ್ಯೂಸ್ ಹಾಕುವುದು, ಸಿಗರೇಟಿನ ಬೆಳ್ಳಿ ಕಾಗದ ಸುತ್ತುವುದು ಎರಡೂ ಗಾಡಿಗೆ ಬೆಂಕಿ ಹಚ್ಚುವ ಕೆಲಸ.

ಮೀಟರ್ ಏನು ಹೇಳುತ್ತದೆ

ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್ ಸಾಕು. ಮುನ್ನೂರು ರೂಪಾಯಿಯ ಆಸುಪಾಸಿನದಾದರೂ ಈ ಕೆಲಸಕ್ಕೆ ನಡೆಯುತ್ತದೆ. ಡಯಲ್ ಡಿಸಿ 20 ವೋಲ್ಟ್‌ಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಪ್ಲಸ್‌ಗೆ, ಕಪ್ಪನ್ನು ಮೈನಸ್‌ಗೆ ಹಿಡಿಯಿರಿ. ಈಗಷ್ಟೇ ಓಡಿಸಿ ನಿಲ್ಲಿಸಿದ ಗಾಡಿಯಲ್ಲಿ ಅಳೆದರೆ ಸುಳ್ಳು ಅಂಕಿ ಬರುತ್ತದೆ, ಹೊಟ್ಟೆ ತುಂಬದಿದ್ದರೂ ತುಂಬಿದಂತೆ ತೋರಿಸುತ್ತದೆ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಕೀ ಹಾಕುವ ಮೊದಲೇ ಅಳೆಯಿರಿ.

12.8 ವೋಲ್ಟ್ ಅಥವಾ ಹೆಚ್ಚು ಬಂದರೆ ಬ್ಯಾಟರಿ ತುಂಬಿದೆ. 12.5ಕ್ಕೆ ಮುಕ್ಕಾಲು, 12.2ಕ್ಕೆ ಅರ್ಧ, 12.0ಕ್ಕೆ ಕಾಲು ಭಾಗ ಎಂದು ಅಂದಾಜಿಸಿ. 11.8ರ ಕೆಳಗೆ ಖಾಲಿ. 12 ವೋಲ್ಟಿನ ಬ್ಯಾಟರಿಗೆ ‘ಹನ್ನೆರಡು ತೋರಿಸಾಕತ್ತೇತಲ್ಲ, ಚೊಲೋ ಐತಿ’ ಎಂದು ಸಮಾಧಾನಪಡುವುದು ದೊಡ್ಡ ತಪ್ಪು. ಆರು ಸೆಲ್‌ಗಳ ಈ ಪೆಟ್ಟಿಗೆಯಲ್ಲಿ ಹನ್ನೆರಡು ಅಂದರೆ ಹೊಟ್ಟೆ ಬೆನ್ನಿಗೆ ಹತ್ತಿದ ಸ್ಥಿತಿ. 10.5ರ ಆಸುಪಾಸಿನಲ್ಲಿದ್ದು ಚಾರ್ಜ್ ಮಾಡಿದ ಮೇಲೂ ಅಲ್ಲಿಗೇ ಇಳಿದು ನಿಂತರೆ ಒಂದು ಸೆಲ್ ಒಳಗೇ ಶಾರ್ಟ್ ಆಗಿದೆ. ಆ ಬ್ಯಾಟರಿಗೆ ಮದ್ದಿಲ್ಲ.

ನಿಂತಾಗಿನ ವೋಲ್ಟೇಜ್ ಅರ್ಧ ಕಥೆ ಮಾತ್ರ. ಮೀಟರಿನ ಕಡ್ಡಿ ಹಿಡಿದುಕೊಂಡೇ ಇನ್ನೊಬ್ಬರಿಗೆ ಸೆಲ್ಫ್ ಒತ್ತಲು ಹೇಳಿ. ಒಳ್ಳೆಯ ಬ್ಯಾಟರಿ 10 ವೋಲ್ಟಿನ ಮೇಲೆ ನಿಲ್ಲುತ್ತದೆ. ತುಂಬಿದ ಬ್ಯಾಟರಿಯೂ 9ರ ಕೆಳಗೆ ಕುಸಿದರೆ ಒಳಗಿನ ಪ್ಲೇಟುಗಳು ಸೋತಿವೆ. ಇದಕ್ಕೆ ತದ್ವಿರುದ್ಧವಾದದ್ದು ಇನ್ನೂ ಮುಖ್ಯ: ಬಟನ್ ಒತ್ತಿದಾಗಲೂ ಅಂಕಿ 12.5ರಲ್ಲೇ ಅಲುಗಾಡದೆ ನಿಂತು ಮೋಟಾರ್ ತಿರುಗದಿದ್ದರೆ ಬ್ಯಾಟರಿಯಿಂದ ಕರೆಂಟ್ ಹೊರಟೇ ಇಲ್ಲ. ಬ್ಯಾಟರಿ ನಿರಪರಾಧಿ. ಟರ್ಮಿನಲ್, ಅರ್ತಿಂಗ್ ವಾಯರ್ (ಮೈನಸ್ಸನ್ನು ಗಾಡಿಯ ಚಾಸಿಸ್ಸಿಗೆ ಜೋಡಿಸುವುದು), ರಿಲೇ, ಬ್ರಶ್ ಇವುಗಳಲ್ಲೊಂದು ಕೈಕೊಟ್ಟಿದೆ. ಟರ್ಮಿನಲ್ಲಿನ ಮೇಲೆ ಅನುಮಾನವಿದ್ದರೆ ಒಂದು ಕಡ್ಡಿಯನ್ನು ಬ್ಯಾಟರಿಯ ಕಂಬಕ್ಕೂ ಇನ್ನೊಂದನ್ನು ಅದೇ ಕಂಬಕ್ಕೆ ಬಿಗಿದ ವಾಯರಿನ ತುದಿಗೂ ತಾಗಿಸಿ ಸೆಲ್ಫ್ ಒತ್ತಿಸಿ. ಸೊನ್ನೆಯ ಹತ್ತಿರ ಬರಬೇಕು. 0.2 ವೋಲ್ಟ್ ದಾಟಿದರೆ ಅಲ್ಲಿ ಕೊಳೆ ಇದೆ, ವೋಲ್ಟೇಜ್ ಅಲ್ಲೇ ಕಳೆದುಹೋಗುತ್ತಿದೆ.

ಮೀಟರ್ ಇಲ್ಲದಿದ್ದರೆ ಹಳೆಯ 12 ವೋಲ್ಟ್ 35 ವ್ಯಾಟ್ ಹೆಡ್‌ಲೈಟ್ ಬಲ್ಬಿಗೆ ಎರಡು ವಾಯರ್ ಬೆಸೆದು ಬ್ಯಾಟರಿಗೆ ನೇರ ಹಚ್ಚಿ ನೋಡಬಹುದು. ಅದು ಸುಮಾರು 3 ಆಂಪಿಯರ್ ಎಳೆಯುತ್ತದೆ. ಒಂದು ನಿಮಿಷ ಬೆಳ್ಳಗೆ ಉರಿದರೆ ಬ್ಯಾಟರಿಯಲ್ಲಿ ಜೀವವಿದೆ. ಕಣ್ಣೆದುರೇ ಕೆಂಪಗಾಗಿ ಕುಗ್ಗಿದರೆ ಚಾರ್ಜ್ ಇಲ್ಲ ಅಥವಾ ಶಕ್ತಿ ಇಲ್ಲ. ಚಾರ್ಜ್ ಮಾಡಿ ಮತ್ತೆ ಹಚ್ಚಿದಾಗ ಎರಡರಲ್ಲಿ ಯಾವುದೆಂದು ತಿಳಿಯುತ್ತದೆ.

ಬಿಚ್ಚುವ ಕ್ರಮ

ಬ್ಯಾಟರಿ ಕೆಲವು ಗಾಡಿಗಳಲ್ಲಿ ಕಾಲಿಡುವ ಹಲಗೆಯ ಮುಚ್ಚಳದಡಿ, ಕೆಲವದರಲ್ಲಿ ಸೀಟಿನ ಕೆಳಗೆ, ಕೆಲವದರಲ್ಲಿ ಮುಂದಿನ ಕವಚದೊಳಗೆ ಇರುತ್ತದೆ. ಸ್ಟಾರ್ ಸ್ಕ್ರೂಡ್ರೈವರ್ ಮತ್ತು 10 ನಂಬರ್ ಪಾನಾ ಇದ್ದರೆ ಸಾಕು. ಕೀ ಬಂದ್ ಮಾಡಿ. ಕೈಯಲ್ಲಿ ಉಂಗುರ, ಬಳೆ, ಲೋಹದ ಗಡಿಯಾರ ಇದ್ದರೆ ತೆಗೆದಿಡಿ. ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಹಾಕುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಇದು ಶಾಸ್ತ್ರಕ್ಕೆ ಹೇಳುವ ಮಾತಲ್ಲ: ಗಾಡಿಯ ಇಡೀ ಚಾಸಿಸ್ ಮೈನಸ್‌ಗೆ ಜೋಡಿಸಿರುತ್ತದೆ. ಮೈನಸ್ ಇದ್ದಾಗಲೇ ಪ್ಲಸ್ ಬಿಚ್ಚಲು ಹೋಗಿ ಪಾನಾ ಕಬ್ಬಿಣಕ್ಕೆ ತಾಗಿದರೆ ಕಿಡಿ ಹಾರುತ್ತದೆ, ಪಾನಾ ಕಾಯ್ದು ಕೈ ಸುಡುತ್ತದೆ. ಬೋಲ್ಟಿನ ಹಿಂದಿನ ಚಚ್ಚೌಕ ನಟ್ಟು ಜಾರಿ ಒಳಗೆ ಬೀಳುವುದು ಸಾಮಾನ್ಯ, ಬೆರಳಡ್ಡ ಹಿಡಿದೇ ಬಿಚ್ಚಿ.

ಟರ್ಮಿನಲ್ ಮೇಲೆ ಬಿಳಿ ಅಥವಾ ನೀಲಿ-ಹಸಿರು ಪುಡಿ ಕಟ್ಟಿದ್ದರೆ ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿ. ನೊರೆ ನಿಲ್ಲುವವರೆಗೆ ತಿಕ್ಕಿ, ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ವಾಯರಿನ ತುದಿಯ ತಾಮ್ರ ಹೊಳೆಯುವಂತೆ ಪಾಲಿಶ್ ಪೇಪರ್ ಆಡಿಸಿ. ನೀರು ಹಾಕುವ ಹಳೆಯ ಬ್ಯಾಟರಿಯಾದರೆ ಸೋಡಾ ನೀರು ಒಳಗೆ ಹೋಗದಂತೆ ಎಚ್ಚರ. ವ್ಯಾಸಲೀನ್ ಹಚ್ಚುವುದು ಬೋಲ್ಟ್ ಬಿಗಿದ ಮೇಲೆ, ಹೊರಗಿನಿಂದ. ಮೊದಲೇ ನಡುವೆ ಮೆತ್ತಿ ಬಿಗಿದರೆ ಸಂಪರ್ಕಕ್ಕೆ ನಾವೇ ಅಡ್ಡಿ ಇಟ್ಟಂತೆ. ಆಷಾಢ-ಶ್ರಾವಣದಲ್ಲಿ ಧಾರವಾಡದ ಜಿಟಿಜಿಟಿ ಮಳೆ ವಾರಗಟ್ಟಲೆ ಬಿಡದಿದ್ದಾಗ ಈ ಪುಡಿ ಬೇಗ ಕಟ್ಟುತ್ತದೆ. ಮಳೆಗಾಲಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಈ ಕೆಲಸ ಮಾಡುವುದು ಒಳ್ಳೆಯದು.

ಪೆಟ್ಟಿಗೆಯ ಪಕ್ಕೆಗಳು ಉಬ್ಬಿದ್ದರೆ, ಸೀಳಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬರುತ್ತಿದ್ದರೆ ಚಾರ್ಜ್ ಮಾಡಲೇಬೇಡಿ. ಉಬ್ಬಿದ ಬ್ಯಾಟರಿ ಹೆಚ್ಚು ಚಾರ್ಜ್ ಆಗಿ ಒಳಗೆ ಕುದ್ದ ಬ್ಯಾಟರಿ. ಹೊಸದು ತರುವ ಮೊದಲು ಗಾಡಿಯ ರೆಗ್ಯುಲೇಟರ್ (ಬ್ಯಾಟರಿಗೆ ಹೋಗುವ ವೋಲ್ಟೇಜನ್ನು ಹತೋಟಿಯಲ್ಲಿಡುವ ಭಾಗ) ನೋಡಲೇಬೇಕು.

ಚಾರ್ಜ್ ಮಾಡುವುದು: ಅವಸರವೇ ಶತ್ರು

ಬ್ಯಾಟರಿಯ ಮೇಲೆ ‘12ವಿ 3ಎಎಚ್’, ‘4ಎಎಚ್’, ‘5ಎಎಚ್’ ಎಂದೇನೋ ಬರೆದಿರುತ್ತದೆ. ಆ ಎಎಚ್ (ಆಂಪಿಯರ್-ಅವರ್, ಅಂದರೆ ಬ್ಯಾಟರಿಯ ಹೊಟ್ಟೆ ಎಷ್ಟು ದೊಡ್ಡದೆಂಬ ಲೆಕ್ಕ) ಸಂಖ್ಯೆಯ ಹತ್ತನೇ ಒಂದು ಭಾಗದ ಕರೆಂಟ್ ಕೊಡಬೇಕು: 3ಕ್ಕೆ 0.3 ಆಂಪಿಯರ್, 4ಕ್ಕೆ 0.4, 5ಕ್ಕೆ 0.5. ಹಲವು ಬ್ಯಾಟರಿಗಳ ಮೇಲೆ ಎಷ್ಟು ಕರೆಂಟ್, ಎಷ್ಟು ತಾಸು ಎಂದು ಕಂಪನಿಯೇ ಅಚ್ಚು ಹಾಕಿರುತ್ತದೆ. ಅದರ ಪಕ್ಕ ಅರ್ಧ ತಾಸಿನ ‘ಕ್ವಿಕ್’ ಚಾರ್ಜ್ ಲೆಕ್ಕವೂ ಇರಬಹುದು. ಅದು ತುರ್ತಿಗೆ, ರೂಢಿಗಲ್ಲ.

ನಿಧಾನ ಯಾಕೆ? ಬ್ಯಾಟರಿ ಇಳಿದಾಗ ಪ್ಲೇಟಿನ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಚಾರ್ಜ್ ಅಂದರೆ ಅದನ್ನು ಮತ್ತೆ ಸೀಸವಾಗಿ, ಆಸಿಡ್ಡಾಗಿ ಒಡೆಯುವುದು. ಅದು ಪ್ಲೇಟಿನ ಒಳಪದರದವರೆಗೆ ನಡೆಯಲು ಸಮಯ ಬೇಕು. ಕರೆಂಟ್ ಹೆಚ್ಚು ಸುರಿದರೆ ಮೇಲ್ಪದರ ಮಾತ್ರ ತುಂಬಿ, ಮಿಕ್ಕ ಕರೆಂಟ್ ಒಳಗಿನ ನೀರನ್ನು ಗ್ಯಾಸ್ ಮಾಡಿ ಬ್ಯಾಟರಿ ಕಾಯುತ್ತದೆ. ಸೀಲ್ಡ್ ಬ್ಯಾಟರಿಯಲ್ಲಿ ಹೋದ ನೀರನ್ನು ಮರಳಿ ಹಾಕುವ ದಾರಿಯಿಲ್ಲ. 150 ಎಎಚ್ ಇನ್ವರ್ಟರ್ ಬ್ಯಾಟರಿಗೆಂದು ಮಾಡಿದ 10 ಆಂಪಿಯರ್ ಚಾರ್ಜರನ್ನು 3 ಎಎಚ್ ಬ್ಯಾಟರಿಗೆ ಹಚ್ಚಿದರೆ ಏನಾಗುತ್ತದೆಂದು ಇದರಿಂದಲೇ ಊಹಿಸಬಹುದು. ಅಂಗಡಿಗೆ ಕೊಟ್ಟರೂ ಒಂದು ಮಾತು ಹೇಳಿ ಕೊಡಿ: ಎರಡು ತಾಸಿನಲ್ಲಿ ಬೇಡ, ಅರ್ಧ ಆಂಪಿಯರ್ ಒಳಗೆ ಇಟ್ಟು ನಾಳೆ ಕೊಡಿ.

ಮನೆಗೆ ಕೊಳ್ಳುವುದಾದರೆ 12 ವೋಲ್ಟ್, ಅರ್ಧ ಆಂಪಿಯರಿನ ಆಸುಪಾಸಿನ, ತುಂಬಿದ ಮೇಲೆ ತಾನೇ ಇಳಿಸಿಕೊಳ್ಳುವ ಸ್ಮಾರ್ಟ್ ಚಾರ್ಜರ್ ತನ್ನಿ. ಕಾರು-ಬೈಕ್ ಎರಡಕ್ಕೂ ಆಗುವಂಥದ್ದಾದರೆ ಬೈಕಿನ ಚಿಹ್ನೆಗೆ ಹಾಕಿ. ಕಾರಿನ ದೊಡ್ಡ ಚಾರ್ಜರ್ ಒಂದೇ ಇದ್ದರೆ ಪ್ಲಸ್ ವಾಯರಿನ ನಡುವೆ 12 ವೋಲ್ಟ್ 10 ವ್ಯಾಟಿನ ಹಳೆಯ ಇಂಡಿಕೇಟರ್ ಬಲ್ಬನ್ನು ಸೀರೀಸ್‌ನಲ್ಲಿ ಸೇರಿಸಿ. ಇಳಿದ ಬ್ಯಾಟರಿಗೆ ಕರೆಂಟ್ ಸುಮಾರು 0.4 ಆಂಪಿಯರಿಗೆ ಮಿತವಾಗುತ್ತದೆ, ಬ್ಯಾಟರಿ ತುಂಬಿದಂತೆ ಬಲ್ಬ್ ಮಂಕಾಗುತ್ತದೆ. ಆದರೆ ಹಳೆಯ ಟ್ರಾನ್ಸ್‌ಫಾರ್ಮರ್ ಚಾರ್ಜರುಗಳಿಗೆ ವೋಲ್ಟೇಜಿನ ಮೇಲೆ ಹತೋಟಿಯಿಲ್ಲ. ಬಲ್ಬ್ ಇದ್ದರೂ ತಾಸಿಗೊಮ್ಮೆ ಮೀಟರ್ ಹಿಡಿದು 14.7 ದಾಟಿದ ಕೂಡಲೇ ತೆಗೆಯಬೇಕು, ರಾತ್ರಿ ಹಚ್ಚಿಟ್ಟು ಮಲಗುವಂತಿಲ್ಲ.

ಜಾಗ ನೋಡಿ ಇಡಿ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರಬಹುದು. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೆ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಅಡುಗೆಮನೆ ಬೇಡ, ದೀಪ-ಊದಿನಕಡ್ಡಿ ಇರುವ ದೇವರ ಜಗುಲಿಯ ಹತ್ತಿರವೂ ಬೇಡ, ಮಲಗುವ ಕೋಣೆಯಂತೂ ಬೇಡ. ಗಾಳಿಯಾಡುವ ಪಡಸಾಲೆಯಲ್ಲಿ, ಮಕ್ಕಳ ಕೈಗೆ ಸಿಗದ ಕಡೆ, ಮರದ ಹಲಗೆಯ ಮೇಲೆ ನೆಟ್ಟಗೆ ಇಡಿ. ಏಪ್ರಿಲ್-ಮೇ ಬಿಸಿಲಿನಲ್ಲಿ ತಗಡಿನ ಶೆಡ್ಡಿನೊಳಗೆ ಇಡಬೇಡಿ, ಸಂಜೆ ತಂಪಾದ ಮೇಲೆ ಶುರು ಮಾಡಿ.

ಕೆಂಪು ಕ್ಲಿಪ್ ಪ್ಲಸ್‌ಗೆ, ಕಪ್ಪು ಮೈನಸ್‌ಗೆ ಕಚ್ಚಿಸಿ, ಎರಡು ಸಲ ನೋಡಿ, ಆಮೇಲೆ ಗೋಡೆಯ ಸ್ವಿಚ್ ಹಾಕಿ. ತೆಗೆಯುವಾಗ ಮೊದಲು ಸ್ವಿಚ್, ನಂತರ ಕ್ಲಿಪ್. ಚಾಲೂ ಇರುವ ಚಾರ್ಜರಿನ ಕ್ಲಿಪ್ ಎಳೆದರೆ ಗ್ಯಾಸ್ ಇರುವ ಜಾಗದಲ್ಲೇ ಕಿಡಿ ಹುಟ್ಟುತ್ತದೆ. ಪೂರ್ತಿ ಇಳಿದ ಬ್ಯಾಟರಿಗೆ 10ರಿಂದ 14 ತಾಸು, ಅರ್ಧ ಇಳಿದದ್ದಕ್ಕೆ 5ರಿಂದ 7 ತಾಸು ಹಿಡಿಯುತ್ತದೆ. ನಡುವೆ ಕೈಯಿಟ್ಟು ನೋಡಿ: ತುಸು ಬೆಚ್ಚಗಿದ್ದರೆ ಚಿಂತೆಯಿಲ್ಲ, ಕೈ ಇಡಲಾಗದಷ್ಟು ಕಾಯ್ದಿದ್ದರೆ ನಿಲ್ಲಿಸಿ ಆರಲು ಬಿಡಿ. ಮತ್ತೆ ಹಚ್ಚಿದಾಗಲೂ ಕಾಯ್ದರೆ ಒಳಗೆ ಶಾರ್ಟ್ ಇದೆ. ನಡುವೆ ಕರೆಂಟ್ ಹೋಗಿ ಬಂದರೆ ಚಾರ್ಜರ್ ಹತ್ತಿರ ಹೋಗಿ ನೋಡಿ. ಕೆಲವು ಚಾರ್ಜರ್ ಮೊದಲಿನ ಆಯ್ಕೆ ಮರೆತು ಕಾರಿನ ಮೋಡ್‌ಗೋ ಬಂದ್ ಸ್ಥಿತಿಗೋ ಮರಳಿರುತ್ತವೆ.

ಹಚ್ಚಿಟ್ಟಾಗಲೇ ವೋಲ್ಟೇಜ್ 14.4ರಿಂದ 14.7ಕ್ಕೆ ಏರಿ, ಕರೆಂಟ್ 0.1 ಆಂಪಿಯರಿನ ಕೆಳಗೆ ಇಳಿದರೆ ತುಂಬಿದೆ ಎಂದರ್ಥ. ಕ್ಲಿಪ್ ತೆಗೆದು ಗಾಡಿಗೆ ಹಾಕದೆ ಒಂದು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ 12.8 ಇದ್ದರೆ ಬ್ಯಾಟರಿ ಹಸಿದಿತ್ತಷ್ಟೇ. 12.4ರ ಕೆಳಗೆ ಇಳಿದಿದ್ದರೆ ಅದು ಉಂಡದ್ದನ್ನು ಹಿಡಿದಿಟ್ಟುಕೊಳ್ಳುತ್ತಿಲ್ಲ.

ತಿಂಗಳುಗಟ್ಟಲೆ ಖಾಲಿ ಬಿದ್ದ ಬ್ಯಾಟರಿಯ ಪಾಡು ಬೇರೆ. ಅದರ ಸಲ್ಫೇಟ್ ಗಟ್ಟಿ ಹರಳಾಗಿರುತ್ತದೆ. ಚಾರ್ಜರ್ ಹಚ್ಚಿದ ಕ್ಷಣವೇ ವೋಲ್ಟೇಜ್ 15ಕ್ಕೆ ಜಿಗಿಯುತ್ತದೆ, ಕರೆಂಟ್ ಮಾತ್ರ ಒಳಗೆ ಹೋಗದು. ಸ್ಮಾರ್ಟ್ ಚಾರ್ಜರ್ ಹತ್ತು ನಿಮಿಷಕ್ಕೆ ‘ಫುಲ್’ ಎಂದು ಸುಳ್ಳು ಹೇಳುತ್ತದೆ. ಇನ್ನೊಂದು ಬಗೆಯಲ್ಲಿ, ಬ್ಯಾಟರಿ ತೀರಾ ಇಳಿದು ಚಾರ್ಜರಿಗೆ ಬ್ಯಾಟರಿ ಇದೆಯೆಂದೇ ಗೊತ್ತಾಗುವುದಿಲ್ಲ. ಆಗ ಒಳ್ಳೆಯ 12 ವೋಲ್ಟ್ ಸ್ಕೂಟರ್ ಬ್ಯಾಟರಿಯೊಂದನ್ನು ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಆಗುವಂತೆ ಹತ್ತು-ಹದಿನೈದು ನಿಮಿಷ ಜೋಡಿಸಿಟ್ಟು, ಆಮೇಲೆ ಚಾರ್ಜರ್ ಹಚ್ಚಿದರೆ ಅದು ಗುರುತಿಸುತ್ತದೆ. 0.1-0.2 ಆಂಪಿಯರಿನಲ್ಲಿ ಒಂದು ದಿನ ಬಿಟ್ಟು ನೋಡಿ. ಎದ್ದರೆ ಎದ್ದಿತು. ಮೂರ್ನಾಲ್ಕು ವರ್ಷ ದುಡಿದ ಬ್ಯಾಟರಿ ಹೀಗೆ ಬಿದ್ದಿದ್ದರೆ ಈ ಶ್ರಮ ವ್ಯರ್ಥ.

ನೀರು ಹಾಕುವ ಬ್ಯಾಟರಿ ಇನ್ನೂ ಕೆಲವು ಹಳೆಯ ಗಾಡಿಗಳಲ್ಲಿದೆ. ಚಾರ್ಜ್ ಮಾಡುವಾಗ ಆರೂ ಬಿರಡೆ ತೆಗೆದಿಡಿ, ಗಾಳಿ ಹೋಗುವ ರಬ್ಬರ್ ಕೊಳವೆ ಮಡಚಿಲ್ಲವೆಂದು ನೋಡಿ. ಪ್ಲೇಟುಗಳು ಬರಿದಾಗಿದ್ದರೆ ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ, ಚಾರ್ಜ್ ಮುಗಿದ ಮೇಲೆ ಮೇಲಿನ ಗೆರೆಯವರೆಗೆ ತುಂಬಿ. ನಮ್ಮ ಕಡೆಯ ಬೋರ್ ನೀರಿನ ಗಡಸುತನ ಪಾತ್ರೆಯ ತಳದಲ್ಲೇ ಕಾಣುತ್ತದೆ, ಆ ಉಪ್ಪು ಪ್ಲೇಟಿಗೆ ವಿಷ. ಫಿಲ್ಟರ್ ನೀರೂ ಆಗದು. ಕಡಿಮೆಯಾಗುವುದು ನೀರು, ಆಸಿಡ್ಡಲ್ಲ; ಆದ್ದರಿಂದ ಆಸಿಡ್ ಹಾಕಬೇಡಿ. ಹೈಡ್ರೋಮೀಟರಿನಲ್ಲಿ (ಆಸಿಡ್ಡಿನ ಸಾಂದ್ರತೆ ಅಳೆಯುವ ಕೊಳವೆ) ತುಂಬಿದ ಸೆಲ್ 1.260ರಿಂದ 1.280 ತೋರಿಸಬೇಕು. ಐದು ಸೆಲ್ ಒಂದೇ ಅಂಕಿ ತೋರಿಸಿ ಆರನೆಯದು ತೀರಾ ಕೆಳಗಿದ್ದರೆ ಆ ಸೆಲ್ ಹೋಗಿದೆ. ಮೈಗೆ ಆಸಿಡ್ ತಾಗಿದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಹಾರಿದರೆ ಸೋಡಾ ಗೀಡಾ ಏನೂ ಹಾಕದೆ, ನೀರಿನಲ್ಲೇ ತೊಳೆಯುತ್ತ ಆಸ್ಪತ್ರೆಗೆ ಹೋಗಿ.

ತುಂಬಿದ ಬ್ಯಾಟರಿ ಗಾಡಿಗೆ ಹಾಕಿದ ಮೇಲೆ

ಈಗ ಹಸಿವಿಗೆ ಕಾರಣ ಹುಡುಕಬೇಕು. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ; ಹಿಂದಿನ ಗಾಲಿ ತಿರುಗುತ್ತದೆ, ಸೀರೆ ಸೆರಗು, ಮಕ್ಕಳು ಹತ್ತಿರ ಇರದಿರಲಿ. ಎಂಜಿನ್ ಹಚ್ಚಿ ಬ್ಯಾಟರಿಗೆ ಮೀಟರ್ ಹಿಡಿಯಿರಿ. ಐಡ್ಲಿಂಗ್‌ನಲ್ಲಿ 13ರ ಆಸುಪಾಸು ಇರಬಹುದು. ರೇಸ್ ಕೊಟ್ಟಾಗ 13.8ರಿಂದ 14.8ರ ನಡುವೆ ಏರಿ ಅಲ್ಲೇ ನಿಲ್ಲಬೇಕು. ಹೈ ಬೀಮ್ ಹಾಕಿ ಮತ್ತೆ ನೋಡಿ, 13.5ರ ಕೆಳಗೆ ಇಳಿಯಬಾರದು. ಏರದೆ 12.5ರಲ್ಲೇ ಉಳಿದರೆ ಬ್ಯಾಟರಿಗೆ ಕರೆಂಟ್ ಬರುತ್ತಿಲ್ಲ. ಆಗ ಮೊದಲು ಕಾಯಿಲ್ ಪ್ಲೇಟಿನಿಂದ (ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಭಾಗ) ಬರುವ ವಾಯರನ್ನು ಜೋಡಿಸುವ ಕಪ್ಲರ್ ಬಿಚ್ಚಿ ನೋಡಿ. ಕಂದು ಬಣ್ಣಕ್ಕೆ ಸುಟ್ಟು ಕರಗಿದ ಪಿನ್ ಅಲ್ಲೇ ಸಿಗುವುದು ಅಪರೂಪವಲ್ಲ. ಅದು ಸರಿಯಿದ್ದರೆ ರೆಗ್ಯುಲೇಟರ್, ಆಮೇಲೆ ಕಾಯಿಲ್ ಪ್ಲೇಟ್. ರೇಸಿಗೆ 15 ದಾಟಿ 16ರತ್ತ ಹೋದರೆ ರೆಗ್ಯುಲೇಟರ್ ಸತ್ತಿದೆ ಅಥವಾ ಅದರ ಅರ್ತಿಂಗ್ ಬಿಟ್ಟಿದೆ. ಬಲ್ಬುಗಳು ಪದೇಪದೇ ಸುಡುವುದೂ ಇದೇ ರೋಗದ ಗುರುತು. ಈ ಗಾಡಿಗೆ ಎಷ್ಟು ಹೊಸ ಬ್ಯಾಟರಿ ಹಾಕಿದರೂ ಉಬ್ಬುತ್ತವೆ.

ಓಡುತ್ತಿರುವ ಎಂಜಿನ್ನಿನಲ್ಲಿ ಬ್ಯಾಟರಿ ವಾಯರ್ ಕಿತ್ತು ‘ಚಾರ್ಜಿಂಗ್ ಐತೋ ಇಲ್ಲೋ’ ಪರೀಕ್ಷಿಸುವ ಹಳೆಯ ಪದ್ಧತಿಯನ್ನು ದಯವಿಟ್ಟು ಬಿಡಿ. ಬ್ಯಾಟರಿ ಇಲ್ಲದಾಗ ವೋಲ್ಟೇಜ್ ಒಮ್ಮೆಲೇ ನೆಗೆದು ಇಸಿಯು (ಎಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಸುಡಬಹುದು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 (ಹೊಗೆಯ ಮಿತಿಯ ನಿಯಮ) ಸ್ಕೂಟರ್‌ಗಳಲ್ಲಿ ಪೆಟ್ರೋಲ್ ಇಂಜೆಕ್ಷನ್ ಬಂದಿದೆ. ಅದರ ಪಂಪಿಗೂ ಇಸಿಯುಗೂ ಬ್ಯಾಟರಿ ಬೇಕು. ಹಳೆಯ ಕಾರ್ಬ್ಯುರೇಟರ್ ಗಾಡಿ ಬ್ಯಾಟರಿ ಸತ್ತರೂ ಕಿಕ್ಕಿಗೆ ಹತ್ತುತ್ತಿತ್ತು. ಹೊಸದು ಪೂರ್ತಿ ಖಾಲಿಯಾದರೆ ಎಷ್ಟು ಕಿಕ್ ಹೊಡೆದರೂ ಹತ್ತದಿರಬಹುದು, ಕೆಲವಕ್ಕೆ ಕಿಕ್ಕೇ ಇಲ್ಲ.

ಚಾರ್ಜಿಂಗ್ ಸರಿಯಿದ್ದೂ ಬ್ಯಾಟರಿ ಇಳಿಯುತ್ತಿದ್ದರೆ ನಿಂತಲ್ಲೇ ಸೋರಿಕೆ ಇದೆಯೇ ನೋಡಿ. ಕೀ ಬಂದ್ ಮಾಡಿ ಮೈನಸ್ ವಾಯರ್ ಬಿಚ್ಚಿ, ಮೀಟರಿನ ಕೆಂಪು ಕಡ್ಡಿಯ ವಾಯರನ್ನು 10 ಆಂಪಿಯರ್ ತೂತಿಗೆ ಬದಲಿಸಿ, ಒಂದು ಕಡ್ಡಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಬಿಚ್ಚಿದ ವಾಯರಿಗೆ ಹಿಡಿಯಿರಿ. ಸೊನ್ನೆಯ ಹತ್ತಿರವಿದ್ದರೆ ಮಾತ್ರ ಮಿಲಿ ಆಂಪಿಯರ್ ತೂತಿಗೆ ಇಳಿಯಿರಿ. ಈ ಸ್ಥಿತಿಯಲ್ಲಿ ಕೀ ತಿರುಗಿಸಬೇಡಿ, ಸೆಲ್ಫ್ ಮುಟ್ಟಬೇಡಿ, ಮೀಟರ್ ಸುಡುತ್ತದೆ. ಸಾದಾ ಸ್ಕೂಟರ್‌ನಲ್ಲಿ ಒಂದೆರಡು ಮಿಲಿ ಆಂಪಿಯರ್ ಮೀರಬಾರದು. ಬ್ಲೂಟೂತ್ ಕನ್ಸೋಲ್, ರಿಮೋಟ್ ಕೀ ಇದ್ದವಕ್ಕೆ ತುಸು ಹೆಚ್ಚು ಸಹಜ. ಲೆಕ್ಕ ಹಾಕಿ ನೋಡಿ: 10 ಮಿಲಿ ಆಂಪಿಯರ್ ಸೋರಿದರೆ ದಿನಕ್ಕೆ 240 ಮಿಲಿ ಆಂಪಿಯರ್-ಅವರ್, 3 ಎಎಚ್ ಬ್ಯಾಟರಿ ಹನ್ನೆರಡು ದಿನಕ್ಕೆ ಖಾಲಿ. 50 ಸೋರಿದರೆ ಎರಡೂವರೆ ದಿನ. ಕೀಗೆ ಸಂಬಂಧವಿಲ್ಲದಂತೆ ನೇರ ಬ್ಯಾಟರಿಗೆ ಹಚ್ಚಿದ ಮೊಬೈಲ್ ಚಾರ್ಜರ್, ಅಲಾರಂ, ಜಿಪಿಎಸ್, ಬಣ್ಣದ ಎಲ್‌ಇಡಿ ಪಟ್ಟಿಗಳೇ ಬಹಳ ಸಲ ಇದಕ್ಕೆ ಕಾರಣ. ಒಂದೊಂದಾಗಿ ಬಿಚ್ಚುತ್ತ ಹೋಗಿ, ಯಾವುದನ್ನು ಬಿಚ್ಚಿದಾಗ ಅಂಕಿ ಬೀಳುತ್ತದೋ ಅದೇ ಕಳ್ಳ.

ಇದ್ಯಾವುದೂ ಇಲ್ಲದೆ ಬ್ಯಾಟರಿ ಸೊರಗುವುದು ಬಳಕೆಯ ರೀತಿಯಿಂದ. ಹುಬ್ಬಳ್ಳಿಯ ಕೇಶ್ವಾಪುರದಿಂದ ದುರ್ಗದಬೈಲಿಗೆ ಕಾಯಿಪಲ್ಯೆಗೆ, ಮರಳಿ ಮನೆಗೆ, ಮತ್ತೆ ಶಾಲೆಗೆ: ದಿನಕ್ಕೆ ಹತ್ತು ಸಲ ಸೆಲ್ಫ್, ಪ್ರತಿ ಸಲ ಐದು ನಿಮಿಷ ಓಟ, ಅದರಲ್ಲಿ ಅರ್ಧ ಸಿಗ್ನಲ್ಲಿನಲ್ಲಿ. ಐಡ್ಲಿಂಗ್‌ನಲ್ಲಿ ಚಾರ್ಜಿಂಗ್ ನೆಪಮಾತ್ರಕ್ಕೆ. ಖರ್ಚು ಹೆಚ್ಚು, ಜಮೆ ಕಡಿಮೆ. ಕಿಕ್ ಇದ್ದರೆ ಬೆಳಗಿನ ಮೊದಲ ಸ್ಟಾರ್ಟ್ ಕಿಕ್ಕಿನಲ್ಲಿ ಮಾಡಿ, ವಾರಕ್ಕೊಮ್ಮೆ ಒಂದೇ ಓಟದಲ್ಲಿ ಧಾರವಾಡದವರೆಗೆ ಹೋಗಿ ಬಂದಷ್ಟು ದೂರ ಓಡಿಸಿ. ಸೆಲ್ಫ್ ಒತ್ತಿದಾಗ ಐದು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಹತ್ತದಿದ್ದರೆ ಹತ್ತು ಸೆಕೆಂಡ್ ಬಿಟ್ಟು ಮತ್ತೆ ಒತ್ತಿ.

ರಜೆಗೆ ಊರಿಗೆ ಹೋಗುವ ಧಾರವಾಡದ ವಿದ್ಯಾರ್ಥಿಗಳು, ಗದಗ-ಹಾವೇರಿಯ ಹಳ್ಳಿಮನೆಯಲ್ಲಿ ಗಾಡಿ ಬಿಟ್ಟು ಬೆಂಗಳೂರು ಸೇರುವವರು ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಬ್ಯಾಟರಿ ತುಂಬಿಸಿ, ಮೈನಸ್ ವಾಯರ್ ಬಿಚ್ಚಿ ಟೇಪ್ ಸುತ್ತಿ ಹೋಗಿ. ಹಾಗಿದ್ದರೂ ಬ್ಯಾಟರಿ ತಾನೇ ತುಸು ಇಳಿಯುತ್ತದೆ, ಶಾಖ 10 ಡಿಗ್ರಿ ಏರಿದರೆ ಇಳಿಯುವ ವೇಗ ಸುಮಾರು ಇಮ್ಮಡಿ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ, ಉಳಿದಂತೆ ಒಂದೂವರೆ ತಿಂಗಳಿಗೊಮ್ಮೆ ಚಾರ್ಜ್ ಮಾಡಲು ಮನೆಯವರಿಗೆ ಹೇಳಿಡಿ.

ದಾರಿಯಲ್ಲಿ ಸಿಕ್ಕಿಬಿದ್ದರೆ ಇನ್ನೊಂದು ಸ್ಕೂಟರ್ ಅಥವಾ ಕಾರಿನ 12 ವೋಲ್ಟ್ ಬ್ಯಾಟರಿಯಿಂದ ಎತ್ತಬಹುದು. ಕೊಡುವ ಗಾಡಿಯ ಎಂಜಿನ್ ಬಂದ್ ಇರಲಿ. ಪ್ಲಸ್‌ನಿಂದ ಪ್ಲಸ್‌ಗೆ ಕೇಬಲ್, ಆಮೇಲೆ ಕೊಡುವ ಬ್ಯಾಟರಿಯ ಮೈನಸ್‌ನಿಂದ ನಿಂತ ಗಾಡಿಯ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಸ್ಟಾರ್ಟ್ ಆದ ಕೂಡಲೇ ಉಲ್ಟಾ ಕ್ರಮದಲ್ಲಿ ಬಿಚ್ಚಿ. ಲಾರಿಯಿಂದ ಬೇಡ, ಅದು 24 ವೋಲ್ಟ್.

ಬದಲಿಸಲೇಬೇಕಾದಾಗ

ಹಳೆಯದರ ಎಎಚ್, ಅಳತೆ, ಪ್ಲಸ್ ಯಾವ ಬದಿಗಿದೆ ಎಂಬುದನ್ನು ಫೋಟೊ ತೆಗೆದುಕೊಂಡು ಹೋಗಿ. ಪ್ಲಸ್ ತಿರುವುಮುರುವಾದದ್ದು ತಂದರೆ ವಾಯರ್ ಮುಟ್ಟದು, ಎಳೆದು ಮುಟ್ಟಿಸುವ ಹೊತ್ತಿಗೆ ತಪ್ಪು ಕಂಬಕ್ಕೆ ಹಚ್ಚಿ ರೆಗ್ಯುಲೇಟರ್ ಸುಡುವ ಅಪಾಯವಿದೆ. ತಯಾರಾದ ತಿಂಗಳು ಯಾವುದೆಂದು ಅಂಗಡಿಯವರಿಂದಲೇ ಓದಿಸಿಕೊಳ್ಳಿ, ಆರು ತಿಂಗಳು ಮೀರಿದ್ದು ಬೇಡ. ದುಡ್ಡು ಕೊಡುವ ಮೊದಲು ಮೀಟರ್ ಹಿಡಿಸಿ: 12.6ರ ಮೇಲಿರಬೇಕು. 12.4ರ ಕೆಳಗಿದ್ದರೆ ಅದು ಕಪಾಟಿನಲ್ಲೇ ಹಸಿದು ಕೂತ ಬ್ಯಾಟರಿ, ಬೇರೆ ಕೇಳಿ. ಹೊಸದನ್ನೂ ಮೊದಲ ರಾತ್ರಿ ನಿಧಾನ ಚಾರ್ಜ್ ಮಾಡಿ ಹಾಕಿದರೆ ಒಳ್ಳೆಯದು. ವಾರಂಟಿ ಕಾರ್ಡಿನಲ್ಲಿ ದಿನಾಂಕ, ಗಾಡಿ ನಂಬರು, ಸಿಕ್ಕಾ ಮೂರೂ ಇವೆಯೇ ನೋಡಿಕೊಂಡು, ಹಾಕಿದ ದಿನವನ್ನು ಬ್ಯಾಟರಿಯ ಮೈಮೇಲೂ ಮಾರ್ಕರಿನಿಂದ ಬರೆಯಿರಿ. ಹಳೆಯದನ್ನು ಅದೇ ಅಂಗಡಿಗೆ ಕೊಟ್ಟರೆ ಬೆಲೆಯಲ್ಲಿ ಕಡಿತ ಸಿಗುತ್ತದೆ. ಒಡೆದು ಸೀಸ ತೆಗೆಯುವವರಿಗೆ ಕೊಟ್ಟರೆ ಆ ಆಸಿಡ್ ಗಟಾರಕ್ಕೆ, ಸೀಸದ ಹೊಗೆ ಆ ಓಣಿಯ ಮಕ್ಕಳ ಉಸಿರಿಗೆ ಹೋಗುತ್ತದೆ. ಆದ್ದರಿಂದ ಅಂಗಡಿಯಲ್ಲಿ ಹಳೆಯದಕ್ಕೆ ಎಷ್ಟು ಕಳೆದರೆಂದು ಬಿಲ್ಲಿನಲ್ಲಿ ಬರೆಸಿಕೊಂಡೇ ಬನ್ನಿ.